ಹಂಪಿಯಿಂದ ಬಾದಾಮಿಗೆ: ಬೆನ್ನಿಗೆ ಕ್ಯಾಮೆರಾ, ಹೆಗಲಿಗೆ ಟ್ರೈಪಾಡ್

ನನ್ನ ಗೆಳೆಯನಿಗೆ ಒಂದು ಅಭ್ಯಾಸ. ಒಂದು ಕಡೆ ಫೋಟೋ ತೆಗೆದು ಮುಗಿದ ಮೇಲೆ ಕ್ಯಾಮೆರಾವನ್ನು ಟ್ರೈಪಾಡ್‌ನಿಂದ ಬಿಚ್ಚುವುದಿಲ್ಲ. ಮೂರೂ ಕಾಲು ಸೇರಿಸಿ, ರೈತರು ನೇಗಿಲು ಹೊತ್ತ ಹಾಗೆ ಹೆಗಲ ಮೇಲಿಟ್ಟು ಮುಂದಿನ ಜಾಗಕ್ಕೆ ನಡೆದುಬಿಡುತ್ತಾನೆ. ಲಕ್ಷ ರೂಪಾಯಿಯ ಕ್ಯಾಮೆರಾ ಅವನ ಬೆನ್ನ ಹಿಂದೆ, ಅವನ ಕಣ್ಣಿಗೇ ಕಾಣದ ಕಡೆ ತೂಗಾಡುತ್ತಿರುತ್ತದೆ. ನಾನು ಪ್ರತಿ ಸಲ ಬಿಚ್ಚಿ, ಬ್ಯಾಗಿಗೆ ಹಾಕಿ, ಜಿಪ್ ಎಳೆದು ಹೊರಡುವವನು. "ನೀನು ಜಿಪ್ ಎಳೆಯೋ ಹೊತ್ತಿಗೆ ಬೆಳಕು ಹೋಗಿರುತ್ತೆ" ಅಂತ ಅವನು. "ಕ್ಯಾಮೆರಾ ಹೋಗೋದಕ್ಕಿಂತ ಬೆಳಕು ಹೋಗೋದು ವಾಸಿ" ಅಂತ ನಾನು. ಡಿಸೆಂಬರ್ ಮೊದಲ ವಾರ ಇಬ್ಬರೂ ಹಂಪಿ, ಆನೆಗೊಂದಿ, ಬಾದಾಮಿ ಸುತ್ತಿ ಬಂದೆವು. ಈ ಜಗಳವೂ ಜತೆಗೇ ಬಂತು.

ಮೊದಲ ದಿನ: ಹೊಸಪೇಟೆ, ಹಂಪಿ

ರಾತ್ರಿ ರೈಲು ಬೆಳಿಗ್ಗೆ ಹೊಸಪೇಟೆಗೆ ತಂದು ಬಿಟ್ಟಿತು. ತಿಂಡಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಮಂಡಕ್ಕಿಯ ಮೇಲೆ ಹುರಿಗಡಲೆ ಪುಡಿ ಧಾರಾಳವಾಗಿ ಉದುರಿಸಿದ್ದರು. ಮಿರ್ಚಿ ಆಗತಾನೆ ಎಣ್ಣೆಯಿಂದ ಎದ್ದಿತ್ತು. ಪೇಪರಿನಲ್ಲಿ ಎಷ್ಟು ಒರೆಸಿದರೂ ಕೈಯ ಎಣ್ಣೆ ಹೋಗಲಿಲ್ಲ, ಹಾಗಾಗಿ ಹಂಪಿ ತಲುಪುವವರೆಗೂ ಕ್ಯಾಮೆರಾ ಮುಟ್ಟುವ ಪ್ರಶ್ನೆಯೇ ಬರಲಿಲ್ಲ.

ಹಂಪಿಗೆ ಹದಿಮೂರು ಕಿಲೋಮೀಟರ್ ಅಷ್ಟೇ, ಆದರೆ ಬಸ್ಸು ತುಂಬಿತ್ತು. ಕ್ಯಾಮೆರಾ ಬ್ಯಾಗು ತೊಡೆಯ ಮೇಲೆ, ಟ್ರೈಪಾಡ್ ಎರಡು ಮಂಡಿಗಳ ನಡುವೆ ನೆಟ್ಟಗೆ. ಮೇಲಿನ ಕಂಬಿಯ ಮೇಲೆ ಬ್ಯಾಗು ಇಡುವುದು ನನಗೆ ಇಷ್ಟವಿಲ್ಲ. ಬ್ಯಾಗು ಕೆಳಗೆ ಬೀಳುತ್ತೆ ಅನ್ನುವ ಭಯಕ್ಕಿಂತ, ಅದರ ಮೇಲೆ ಯಾರೋ ಜೋಳದ ಚೀಲ ಹೇರುತ್ತಾರೆ ಅನ್ನುವ ಭಯ ಜಾಸ್ತಿ.

ಪಕ್ಕದ ಸೀಟಿನ ಅಜ್ಜ ಟ್ರೈಪಾಡನ್ನೇ ನೋಡುತ್ತಿದ್ದರು. ಕೊನೆಗೆ ಕೇಳಿಯೇಬಿಟ್ಟರು. "ಸರ್ವೇ ಮಾಡಾಕ ಬಂದೀರೇನ್ರೀ?"

ಇಲ್ಲ ಅಜ್ಜ, ಫೋಟೋ ತೆಗೆಯೋಕೆ ಅಂದೆ. ಅವರಿಗೆ ಸಮಾಧಾನವಾಯಿತು. 2011ರಲ್ಲಿ ಹಂಪಿ ಬಜಾರಿನ ಸಾಲು ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನೆಲ್ಲ ತೆರವು ಮಾಡಿದರಲ್ಲ, ಅವರ ತಂಗಿಯ ಮನೆಯೂ ಅದರಲ್ಲಿತ್ತಂತೆ. "ಮೂರು ಕಾಲಿನ ಸಾಮಾನು ಕಂಡ್ರ ಈಗ್ಲೂ ಎದಿ ಝಲ್ ಅಂತೈತ್ರಿ" ಅಂದರು. ಆಮೇಲೆ ತಮ್ಮ ಹೊಲದ ಬಾಳೆಹಣ್ಣು ಎರಡು ಕೊಟ್ಟು ಇಳಿದು ಹೋದರು.

ವಿರೂಪಾಕ್ಷ ಗುಡಿಯಲ್ಲಿ ಫೋಟೋ ಹುಚ್ಚಿನವರು ನೋಡಲೇಬೇಕಾದ ಒಂದು ಮೂಲೆ ಇದೆ. ಗರ್ಭಗುಡಿಯ ಹಿಂಭಾಗದ ಕತ್ತಲೆಯಲ್ಲಿ ಗೋಡೆ ಮೇಲೆ ದೊಡ್ಡ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಎದುರುಗಡೆಯ ಒಂದು ಸಣ್ಣ ಕಿಂಡಿಯಿಂದ ಬೆಳಕು ಬರುತ್ತದೆ, ಅಷ್ಟೇ. ಲೆನ್ಸ್ ಇಲ್ಲ, ಬ್ಯಾಟರಿ ಇಲ್ಲ. ಪಿನ್‌ಹೋಲ್ ಕ್ಯಾಮೆರಾದ ಒಳಗೆ ನಾವೇ ನಿಂತಿರುತ್ತೇವೆ. ಗೆಳೆಯ ಬಹಳ ಹೊತ್ತು ಅಲ್ಲೇ ನಿಂತ. "ಇದನ್ನ ಹೊತ್ಕೊಂಡು ಓಡಾಡೋ ತಾಪತ್ರಯವೇ ಇಲ್ಲ ನೋಡು" ಅಂದ.

ಸಂಜೆ ಹೇಮಕೂಟ ಗುಡ್ಡ. ಇಲ್ಲಿ ಟ್ರೈಪಾಡ್ ಹೊರಗೆ ತೆಗೆಯಲಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಪಡೆದಿರಬೇಕು, ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ಅಡ್ಡಿಯಿಲ್ಲ. ಹೇಮಕೂಟದ ಬಂಡೆ ನೋಡಲು ಸಪಾಟು, ಹತ್ತಲು ಸುಲಭ. ಇಳಿಯುವಾಗ ಅದರ ಬಣ್ಣ ಬಯಲಾಗುತ್ತದೆ. ಜನ ಓಡಾಡಿ ಓಡಾಡಿ ನುಣ್ಣಗಾಗಿದೆ. ಎಲ್ಲರೂ ಒಂದು ಹಂತದಲ್ಲಿ ಕುಕ್ಕರಗಾಲಲ್ಲಿ ಕೂತು ಜಾರುತ್ತಾರೆ. ಆಗ ಕುತ್ತಿಗೆಯಲ್ಲಿ ನೇತಾಡುವ ಕ್ಯಾಮೆರಾ ಮುಂದಕ್ಕೆ ಬಂದು ಬಂಡೆಗೆ ಟಕ್ ಅಂತ ಬಡಿಯುತ್ತದೆ. ನಮ್ಮ ಮುಂದೆ ಇಳಿಯುತ್ತಿದ್ದ ಒಂದು ಹುಡುಗಿಯ ಕ್ಯಾಮೆರಾ ಹೀಗೆ ಬಡಿದ ಸದ್ದು ನನ್ನ ಹಲ್ಲಿಗೇ ತಾಗಿತು. ಪಟ್ಟಿಯನ್ನು ಜನಿವಾರದ ಹಾಗೆ ಅಡ್ಡ ಹಾಕಿಕೊಂಡು, ಇಳಿಯುವ ಮೊದಲು ಕ್ಯಾಮೆರಾವನ್ನು ಬೆನ್ನ ಕಡೆಗೆ ತಳ್ಳಿಬಿಟ್ಟರೆ ಎರಡೂ ಕೈ ಬಿಡುವಾಗುತ್ತವೆ. ಕೂತು ಜಾರುವುದಾದರೆ ಅದೂ ಸಾಲದು, ಬ್ಯಾಗಿಗೇ ಹಾಕಬೇಕು.

ಸೂರ್ಯ ಮುಳುಗಿದ ಕೂಡಲೇ ಕಾವಲುಗಾರರು ಸೀಟಿ ಊದಿದರು. ನಾಳೆ ಮತಂಗ ಬೆಟ್ಟದ ಮೇಲೆ ಟ್ರೈಪಾಡ್ ಇಡಬಹುದಾ ಅಂತ ಅವರಲ್ಲೇ ಒಬ್ಬರನ್ನು ಕೇಳಿದೆವು. "ಗುಡಿ ಒಳಗ ಬ್ಯಾಡ್ರಿ. ಹೊರಗ ಬಂಡಿ ಮ್ಯಾಲ ಇಡ್ರಿ, ಮತ್ತ ಕತ್ತಲ್ಯಾಗ ಒಬ್ಬೊಬ್ರೇ ಹತ್ತಬ್ಯಾಡ್ರಿ" ಅಂದರು.

ಎರಡನೇ ದಿನ: ಮತಂಗ ಬೆಟ್ಟ, ಕಮಲಾಪುರ, ವಿಠ್ಠಲ ಗುಡಿ

ಬೆಳಗಿನ ಜಾವ ಹೊರಟಾಗ ಚಳಿಯಿತ್ತು. ಹಂಪಿಯಲ್ಲಿ ಚಳಿಯೇ ಅಂತ ನಗಬೇಡಿ, ಡಿಸೆಂಬರಿನಲ್ಲಿ ಮಫ್ಲರ್ ಬೇಕಾಗುತ್ತದೆ. ಬೆಟ್ಟದ ಬುಡದಲ್ಲಿ ಪುಣೆಯ ನಾಲ್ಕು ಜನ ಹುಡುಗರು ಸಿಕ್ಕರು, ಎಲ್ಲ ಒಟ್ಟಿಗೆ ಹತ್ತಿದೆವು.

ಮತಂಗ ಹಂಪಿಯ ಅತಿ ಎತ್ತರದ ಜಾಗ. ಮೊದಲು ಕಲ್ಲಿನ ಮೆಟ್ಟಿಲು, ಆಮೇಲೆ ಮೆಟ್ಟಿಲು ಹೌದೋ ಅಲ್ಲವೋ ಅನ್ನುವಂಥ ಚಪ್ಪಡಿಗಳು, ನಡುನಡುವೆ ಎರಡು ಬಂಡೆಗಳ ಸಂದಿ. ಕತ್ತಲೆಯಲ್ಲಿ ಬ್ಯಾಗಿನ ಅಗಲ ನಮಗೆ ಮರೆತುಹೋಗುತ್ತದೆ. ಟ್ರೈಪಾಡನ್ನು ಬ್ಯಾಗಿನ ಪಕ್ಕದ ಜೇಬಿಗೆ ಸಿಕ್ಕಿಸುವುದು ಎಲ್ಲರ ಪದ್ಧತಿ. ಅದರಿಂದ ಎರಡು ತೊಂದರೆ. ಒಂದು, ಭಾರ ಒಂದೇ ಕಡೆಗೆ ವಾಲುತ್ತದೆ. ಒಂದು ಕಾಲೆತ್ತಿ ಮೇಲಿನ ಚಪ್ಪಡಿಗೆ ಇಡುವಾಗ ಆ ವಾಲು ಸಾಕು, ದೇಹ ಓಲಾಡುತ್ತದೆ. ಎರಡು, ಸಂದಿಯಲ್ಲಿ ತೂರುವಾಗ ಅದು ಬಂಡೆಗೆ ಸಿಕ್ಕಿಕೊಂಡು ಹಿಂದಕ್ಕೆ ಎಳೆಯುತ್ತದೆ. ನಾನು ಬ್ಯಾಗಿನ ಬೆನ್ನಿನ ನಟ್ಟನಡುವೆ ಉದ್ದಕ್ಕೆ ಕಟ್ಟುತ್ತೇನೆ. ತಲೆಯ ಭಾಗ ಮೇಲಿರುತ್ತದೆ, ಅದಕ್ಕೊಂದು ಹಳೇ ಟವೆಲ್ ಸುತ್ತಿರುತ್ತೇನೆ. ಸೊಂಟದ ಪಟ್ಟಿ ಬಿಗಿಯಾಗಿ. ಬೆಳಕಿಗೆ ತಲೆಗೆ ಕಟ್ಟುವ ಟಾರ್ಚು. ಮೊಬೈಲ್ ಟಾರ್ಚು ಹಿಡಿದರೆ ಒಂದು ಕೈ ಹೋಯಿತು ಅಂತಲೇ ಲೆಕ್ಕ.

ಮೇಲೆ ತಲುಪಿದಾಗ ಪೂರ್ವ ಕೆಂಪಾಗಿತ್ತು. ಕೆಳಗೆ ಅಚ್ಯುತರಾಯ ಗುಡಿ, ಅದರ ಮುಂದಿನ ಉದ್ದನೆಯ ಬಜಾರು, ಆಚೆ ತುಂಗಭದ್ರೆಯ ಮೇಲೆ ಮಂಜಿನ ಪಟ್ಟಿ. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಗಾಳಿ. ಟ್ರೈಪಾಡಿನ ನಡುಗಂಬದ ಕೆಳಗಿನ ಕೊಕ್ಕೆಗೆ ಬ್ಯಾಗು ನೇತುಹಾಕಿದೆ. ಆದರೆ ಬ್ಯಾಗು ಗಾಳಿಗೆ ತೂಗಾಡಲು ಬಿಟ್ಟರೆ ಟ್ರೈಪಾಡನ್ನೂ ಅಲ್ಲಾಡಿಸುತ್ತದೆ. ಬ್ಯಾಗಿನ ತಳ ಬಂಡೆಗೆ ತಾಗುವಷ್ಟು ಕೆಳಗಿರಬೇಕು. ಕ್ಯಾಮೆರಾದ ಕುತ್ತಿಗೆ ಪಟ್ಟಿಯನ್ನೂ ಸುತ್ತಿ ಕಟ್ಟಿದೆ, ಇಲ್ಲದಿದ್ದರೆ ಅದು ಗಾಳಿಗೆ ಪಟಪಟ ಬಡಿದು ಫೋಟೋ ಅಲ್ಲಾಡಿಸುತ್ತದೆ.

ಸೂರ್ಯ ಬಂದ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಪುಣೆಯ ಹುಡುಗರು ಸೆಲ್ಫಿಗೆ ನಿಂತರು, ಗೆಳೆಯನಿಗೆ ಇನ್ನೊಂದು ಬದಿಯಿಂದ ವಿರೂಪಾಕ್ಷ ಗೋಪುರ ಬೇಕಾಯಿತು. ಎಂದಿನಂತೆ ಟ್ರೈಪಾಡ್ ಹೆಗಲಿಗೆ. ಶಿಖರದ ಮೇಲಿನ ವೀರಭದ್ರ ಗುಡಿಯ ಪಕ್ಕದ ಮಂಟಪ ದಾಟಿ ಹೋಗಬೇಕು. ಮಂಟಪದ ತೊಲೆ ತಗ್ಗು. ಅವನು ತಲೆ ಬಗ್ಗಿಸಿದ. ಹಿಂದಿದ್ದ ಕ್ಯಾಮೆರಾ ಬಗ್ಗಲಿಲ್ಲ. ತಲೆ ಕೆಳಗೆ ಹೋದಾಗ ಹೆಗಲ ಹಿಂದಿನ ತುದಿ ಮೇಲೇಳುತ್ತದೆ ಅಲ್ವಾ, ಅದೇ ಆಯಿತು. ಕಟ್ ಅಂತ ಸದ್ದು.

ಲೆನ್ಸಿನ ಹುಡ್, ಅಂದರೆ ಬಿಸಿಲು ಬೀಳದಂತೆ ಲೆನ್ಸಿನ ಮುಂದೆ ಹಾಕುವ ಪ್ಲಾಸ್ಟಿಕ್ ಬಳೆ, ಸೀಳಿತ್ತು. ಲೆನ್ಸಿಗೆ ಏನೂ ಆಗಿರಲಿಲ್ಲ. ಬಿಸಿಲಿಲ್ಲದಿದ್ದರೂ ಹುಡ್ ಹಾಕಿಯೇ ಇರಬೇಕು ಅನ್ನುವುದು ಇದಕ್ಕೇ. ಪ್ಲಾಸ್ಟಿಕ್ ಒಡೆದು ಗಾಜು ಉಳಿಯುತ್ತದೆ. ಅವನು ಹುಡ್ಡಿನ ಚೂರನ್ನು ಜೇಬಿಗೆ ಹಾಕಿಕೊಂಡು "ಹುಡ್ ಇರೋದೇ ಅದಕ್ಕೆ" ಅಂದ. ನಾನು ಏನೂ ಹೇಳಲಿಲ್ಲ. ಅಷ್ಟು ಹೊತ್ತು ಸುಮ್ನಿದ್ದದ್ದಕ್ಕೆ ನನಗೆ ಯಾರಾದರೂ ಬಹುಮಾನ ಕೊಡಬೇಕಿತ್ತು.

ಇಳಿದು ಬಂದು ಕಮಲಾಪುರದಲ್ಲಿ ಇಡ್ಲಿ ತಿಂದೆವು. ಹೋಟೆಲ್ ಎದುರಿಗೇ ಸೈಕಲ್ ಪಂಕ್ಚರ್ ಅಂಗಡಿ. ನನ್ನ ಟ್ರೈಪಾಡಿನ ಕಾಲುಗಳು ನಡೆಯುವಾಗ ಬಿಚ್ಚಿಕೊಂಡು ಒಂದಕ್ಕೊಂದು ಬಡಿಯುತ್ತಿದ್ದವು. ಹಳೇ ಟ್ಯೂಬ್ ಇದೆಯಾ ಅಂತ ಕೇಳಿದೆ. ಅಂಗಡಿಯವರು ಮೂಲೆಯಿಂದ ಒಂದು ಟ್ಯೂಬ್ ಎಳೆದು, ಅದನ್ನು ಅಡ್ಡಡ್ಡ ಕತ್ತರಿಸಿದರು. ಎರಡು ಬೆರಳಗಲದ ರಬ್ಬರ್ ಬಳೆಗಳು ಸಿದ್ಧ. ಮೊದಲನೆಯದನ್ನು ಅವರೇ ಮೂರು ಕಾಲಿಗೂ ಸೇರಿಸಿ ಏರಿಸಿದರು. ಆಮೇಲೆ ಉದ್ದಕ್ಕೆ ಇನ್ನೊಂದು ಪಟ್ಟಿ ಸೀಳಿ, ಒಂದು ಕಾಲಿನ ಮೇಲ್ಭಾಗಕ್ಕೆ ಎಳೆದೆಳೆದು ಬಿಗಿಯಾಗಿ ಸುತ್ತಿದರು. "ಇಲ್ಲಿ ಹಿಡೀರಿ, ಕೈ ಜಾರಂಗಿಲ್ಲ" ಅಂದರು. ನಿಜ. ಬೆವರಿದ ಕೈಗೂ ಹಿಡಿತ ಸಿಗುತ್ತದೆ, ಹೆಗಲಿಗೆ ಒತ್ತುವುದೂ ಇಲ್ಲ. ದುಡ್ಡು ಕೊಡಲು ಹೋದರೆ "ಹಳೇ ಟ್ಯೂಬಿಗೆ ಎಂಥಾ ರೊಕ್ಕ" ಅಂದು ಕೈ ಆಡಿಸಿದರು. ಅಂಗಡಿ ಮುಂದೆ ಅವರದೊಂದು ಫೋಟೋ ತೆಗೆದುಕೊಟ್ಟೆ. ಊರಿಗೆ ಬಂದು ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿದ್ದೇನೆ.

ಮಧ್ಯಾಹ್ನ ವಿಠ್ಠಲ ಗುಡಿಗೆ ಟ್ರೈಪಾಡ್ ರೂಮಿನಲ್ಲೇ ಬಿಟ್ಟು ಹೋದೆವು. ಬ್ಯಾಟರಿ ಗಾಡಿಯಲ್ಲಿ ಜನ ಜಾಸ್ತಿ, ನಡೆದೇ ಹೋದೆವು. 50 ರೂಪಾಯಿ ನೋಟಿನ ಹಿಂದೆ ಇರುವ ಕಲ್ಲಿನ ರಥ ಅಲ್ಲಿಯದೇ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಫೋಟೋ ತೆಗೆದಿದ್ದ. ಫಿಲ್ಮ್ ಇನ್ನೂ ಬಂದಿರಲಿಲ್ಲ, ಮೇಣ ಹಚ್ಚಿದ ಕಾಗದದ ಮೇಲೆ ನೆಗೆಟಿವ್. ಅವನ ಫೋಟೋದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಗೋಪುರವೂ ಕಾಣುತ್ತದೆ, ಈಗ ಅದಿಲ್ಲ. ಪೆಟ್ಟಿಗೆಯಂಥ ಕ್ಯಾಮೆರಾ, ಮರದ ಸ್ಟ್ಯಾಂಡು, ಕಾಗದ, ರಸಾಯನ ಎಲ್ಲ ಹೊತ್ತು ಇದೇ ಬಂಡೆಗಳ ನಡುವೆ ಅಲೆದಿದ್ದ. ನಾವು ಎರಡು ಕಿಲೋ ಟ್ರೈಪಾಡಿಗೆ ಗೊಣಗುತ್ತೇವೆ. ಗೊಣಗುವುದನ್ನು ನಾನೇನೂ ನಿಲ್ಲಿಸಿಲ್ಲ.

ಮೂರನೇ ದಿನ: ನದಿ ದಾಟಿ ಆನೆಗೊಂದಿ

ಕಡೆಬಾಗಿಲು ಸೇತುವೆಯ ಮೇಲೆ ಹೋದರೆ ಆನೆಗೊಂದಿಗೆ ಆರಾಮಾಗಿ ತಲುಪಬಹುದು. ಆದರೆ ತಳವಾರಘಟ್ಟದಿಂದ ಹರಿಗೋಲಿನಲ್ಲಿ ದಾಟುವ ಆಸೆ ಇಬ್ಬರಿಗೂ ಇತ್ತು. ನಾನು ಬ್ಯಾಗನ್ನು ಮಡಿಲಲ್ಲಿ ಅಪ್ಪಿಕೊಂಡು ಅಂಚಿನಲ್ಲಿ ಕೂರಲು ಹೋದೆ. ಹುಟ್ಟು ಹಾಕುವವರು ಬಿಡಲಿಲ್ಲ. "ಭಾರ ಎಲ್ಲಾ ನಡಕ್ಕ ಇಡ್ರಿ. ನೀವು ಎದುರಾ ಬದ್ರಾ ಕುಂದ್ರಿ." ಬ್ಯಾಗು, ಟ್ರೈಪಾಡ್ ಮಧ್ಯದಲ್ಲಿ, ನಾವು ಸುತ್ತ. ತಳದಲ್ಲಿ ಸದಾ ಒಂದಿಷ್ಟು ನೀರು ಇದ್ದೇ ಇರುತ್ತದೆ, ಅದಕ್ಕೆ ಬ್ಯಾಗಿನ ಮಳೆಕವಚ ಮೊದಲೇ ಹಾಕಿ, ಅದರ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದೆವು.

ಗೆಳೆಯ ಬ್ಯಾಗನ್ನು ಬೆನ್ನಿಗೇ ಬಿಗಿದುಕೊಂಡು ಕೂತಿದ್ದ. ಅವರು ಅದನ್ನೂ ತೆಗೆಸಿದರು. "ಮಗುಚಿದ್ರ ಅದು ನಿಮ್ನ ತಳಕ್ಕ ಎಳೀತೈತಿ. ಕ್ಯಾಮೆರಾ ಮತ್ತೊಂದು ಬರ್ತೈತ್ರಿ." ನಗುತ್ತಲೇ ಹೇಳಿದರು, ಆದರೆ ತಮಾಷೆಯ ಮಾತಲ್ಲ. ನೀರು ದಾಟುವಾಗ ಎದೆಪಟ್ಟಿ, ಸೊಂಟಪಟ್ಟಿ ಎರಡೂ ಬಿಚ್ಚಿರಬೇಕು. ಬಂಡೆ ಹತ್ತುವಾಗ ಯಾವ ಪಟ್ಟಿ ನಮ್ಮನ್ನು ಕಾಯುತ್ತದೋ ಅದೇ ಪಟ್ಟಿ ನದಿಯಲ್ಲಿ ಶತ್ರು. ನಡುನೀರಿನಲ್ಲಿ ಹರಿಗೋಲನ್ನು ಬುಗುರಿ ತಿರುಗಿಸುವುದು ಪ್ರವಾಸಿಗರಿಗೆ ಕೊಡುವ ಬೋನಸ್. ಬೇಡ ಅಂತ ಮೊದಲೇ ಹೇಳಿದ್ದೆವು, ಆದರೂ ಅರ್ಧ ಸುತ್ತು ತಿರುಗಿಸಿಯೇ ಬಿಟ್ಟರು.

ಆನೆಗೊಂದಿಯಲ್ಲಿ ಹೆಂಗಸರು ಬಾಳೆನಾರಿನಲ್ಲಿ ಚೀಲ, ಚಾಪೆ ಹೆಣೆಯುತ್ತಾರೆ. ಒಂದು ಅಂಗಳದಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದೆವು. ಊಟಕ್ಕೆ ಅನ್ನ, ಸಾರು, ಬದನೆಕಾಯಿ ಪಲ್ಯ, ಮೇಲೊಂದು ಲೋಟ ಮಜ್ಜಿಗೆ. ಸುತ್ತ ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು, ರಸ್ತೆಯ ಅರ್ಧ ಭಾಗ ಭತ್ತ ಒಣಗಿಸಲು ಹಾಕಿದ್ದರು. ಬಾಡಿಗೆ ಸ್ಕೂಟರಿನಲ್ಲಿ ಆ ಭತ್ತ ತಪ್ಪಿಸಿಕೊಂಡು ಸಣಾಪುರ ಕೆರೆ ಕಡೆಗೆ ಹೊರಟೆವು.

ಸ್ಕೂಟರಿನಲ್ಲಿ ನಾನು ಬ್ಯಾಗು ಬೆನ್ನಿಗೆ ಹಾಕಿದ್ದೆ. ಗೆಳೆಯ ಕಾಲಿನ ಬಳಿ ಇಟ್ಟಿದ್ದ, ಓಡಿಸುವವನು ಅವನೇ ಆದ್ದರಿಂದ ಅದು ಅವನ ಹಕ್ಕಂತೆ. ಆ ಜಾಗಕ್ಕೆ ಎಂಜಿನ್ನಿನ ನಡುಕ, ರಸ್ತೆಯ ಗುಂಡಿ ಎರಡೂ ನೇರವಾಗಿ ತಲುಪುತ್ತವೆ. ನಮ್ಮ ಬೆನ್ನಾದರೆ ಅರ್ಧ ನುಂಗಿಕೊಳ್ಳುತ್ತದೆ. ಕೆರೆ ದಂಡೆಯ ಬಂಡೆ ಮೇಲೆ ಅವನು ಕ್ಯಾಮೆರಾ ಏರಿಸಿ ಲಂಬ ಫೋಟೋಗೆ ಪಕ್ಕಕ್ಕೆ ವಾಲಿಸಿದ. ಕ್ಯಾಮೆರಾ ನಿಧಾನಕ್ಕೆ ತಲೆ ತಗ್ಗಿಸಿತು. ಬಿಗಿ ಮಾಡಿದ, ಮತ್ತೆ ತಗ್ಗಿಸಿತು. ಕ್ಯಾಮೆರಾವನ್ನು ಬೇಕಾದ ಕಡೆ ವಾಲಿಸುವ ಟ್ರೈಪಾಡಿನ ತಲೆ, ಬಾಲ್‌ಹೆಡ್, ಕೆಟ್ಟಿದೆ ಅಂದುಕೊಂಡ. ಮುಟ್ಟಿ ನೋಡಿದರೆ ಬಾಲ್‌ಹೆಡ್ ಗಟ್ಟಿಯಾಗಿಯೇ ಇತ್ತು. ಕ್ಯಾಮೆರಾದ ತಳಕ್ಕೆ ಪ್ಲೇಟ್ ಹಿಡಿದಿಡುವ ಕಾಲು ಇಂಚಿನ ಸ್ಕ್ರೂ ಸಡಿಲವಾಗಿತ್ತು. ಇನ್ನೂ ಎರಡು ಸುತ್ತು ಸಡಿಲವಾಗಿದ್ದರೆ ಪ್ಲೇಟ್ ಟ್ರೈಪಾಡಿನಲ್ಲೇ ಉಳಿದು ಕ್ಯಾಮೆರಾ ಮಾತ್ರ ಕೆಳಗೆ ಬರುತ್ತಿತ್ತು.

ಒಂದು ರೂಪಾಯಿ ನಾಣ್ಯ ಹಾಕಿ ಬಿಗಿದೆವು. ಹೆಗಲ ಮೇಲೆ ಹೊರುವವರು ಟ್ರೈಪಾಡಿನ ಹಿಡಿ, ಲಾಕು ಎಲ್ಲ ನೋಡುತ್ತಾರೆ, ಈ ಸ್ಕ್ರೂ ನೋಡುವುದಿಲ್ಲ. ಅದು ಕಾಣುವುದೂ ಇಲ್ಲ, ಕ್ಯಾಮೆರಾ ಬಿಚ್ಚಿದರೆ ಮಾತ್ರ ಕಾಣುತ್ತದೆ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಿರಲಿಲ್ಲ. ಆದರೂ ಅವನು ಪೂರ್ತಿ ಸೋಲಲಿಲ್ಲ. ಅಲ್ಲೊಂದು ಒಪ್ಪಂದವಾಯಿತು. ನೆಲ ಸಪಾಟಾಗಿದ್ದು, ಮುಂದಿನ ಜಾಗ ಕಣ್ಣೆದುರೇ ಇದ್ದರೆ ಬಿಚ್ಚದೆ ಹೋಗಬಹುದು. ಆದರೆ ಹೆಗಲ ಮೇಲೆ ಅಲ್ಲ. ಕಾಲುಗಳು ಕಂಕುಳ ಕೆಳಗೆ ಹಿಂದಕ್ಕೆ, ಕ್ಯಾಮೆರಾ ಮುಂದೆ ಕಣ್ಣಿಗೆ ಕಾಣುವಂತೆ, ಒಂದು ಕೈ ಕ್ಯಾಮೆರಾದ ಮೇಲೆ, ಪಟ್ಟಿ ಕುತ್ತಿಗೆಗೆ. ಬಂಡೆ, ಮೆಟ್ಟಿಲು, ಬಾಗಿಲು, ನೀರು, ಜನಜಂಗುಳಿ ಇವುಗಳಲ್ಲಿ ಒಂದು ಅಡ್ಡ ಬಂದರೂ ಬಿಚ್ಚಬೇಕು. ಹಂಪಿಯಲ್ಲಿ ಇವು ಅಡ್ಡ ಬರದ ಜಾಗ ಎಲ್ಲಿದೆ ಅಂತ ಅವನು ಕೇಳಿದ. ಅದೂ ಸರಿಯೇ.

ನಾಲ್ಕನೇ ದಿನ: ಬಾದಾಮಿ ದಾರಿ

ಹೊಸಪೇಟೆಯಿಂದ ಇಳಕಲ್, ಹುನಗುಂದ, ಅಮೀನಗಡದ ಮೇಲೆ ಬಾದಾಮಿ. ಬಸ್ಸು ಬದಲಿಸುತ್ತ ಹೋದದ್ದರಿಂದ ಇಡೀ ಹಗಲು ಹಿಡಿಯಿತು. ರಸ್ತೆ ಚೆನ್ನಾಗಿದೆ. ಎರಡೂ ಕಡೆ ಎರೆ ಹೊಲ, ಮೊಣಕಾಲೆತ್ತರದ ಬಿಳಿಜೋಳ, ಅಲ್ಲಲ್ಲಿ ಸೂರ್ಯಕಾಂತಿ. ಇಳಕಲ್ ನಿಲ್ದಾಣದಲ್ಲಿ ಸೀರೆ ಗಂಟು ಹೊತ್ತವರೊಬ್ಬರು ನಮ್ಮ ಪಕ್ಕ ಕೂತರು. ನಾನು ಕ್ಯಾಮೆರಾ ಬ್ಯಾಗನ್ನು ತೊಡೆಯಿಂದ ಇಳಿಸದಿದ್ದದ್ದು ನೋಡಿ, ತಮ್ಮ ಗಂಟನ್ನೂ ತೊಡೆಯ ಮೇಲೇ ಇಟ್ಟುಕೊಂಡು "ನಿಮ್ದೂ ನಮ್ದೂ ಒಂದೇ ಕಥಿ ಬಿಡ್ರಿ" ಅಂದರು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ತಂದೆವು. ಅಂಟು, ಗೋಡಂಬಿ, ಒಣಕೊಬ್ಬರಿ, ಬೆಲ್ಲ. ತಿಂದ ಮೇಲೆ ಬೆರಳೆಲ್ಲ ಅಂಟಂಟು, ಮತ್ತೆ ಕ್ಯಾಮೆರಾಗೆ ರಜೆ.

ಸಂಜೆ ಹೊತ್ತಿಗೆ ಕಪ್ಪು ಮಣ್ಣು ಮುಗಿದು ಕೆಂಪು ಬಂಡೆ ಶುರುವಾಯಿತು. ಬ್ಯಾಗು ರೂಮಿಗೆ ಎಸೆದು ಅಗಸ್ತ್ಯ ತೀರ್ಥದ ಕೆರೆಗೆ ಓಡಿದೆವು. ಆಚೆ ದಂಡೆಯಲ್ಲಿ ಭೂತನಾಥ ಗುಡಿ, ಈಚೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರು. ಅವರ ಕೋಲಿನ ಏಟು ಬಂಡೆಗೆ ಬಡಿದು ಎರಡು ಸಲ ಕೇಳಿಸುತ್ತದೆ. ನಾನು ಕೆಳಗಿನ ಮೆಟ್ಟಿಲಿಗೆ ಇಳಿಯುವಾಗ ಒಬ್ಬರು ಕೂಗಿದರು. "ತಮ್ಮಾ, ಅಲ್ಲಿ ಸಾಬಾಣ ನೀರು ಹರಿದೈತಿ, ಜಾರಿ ಬಿದ್ದೀ!" ಎರಡು ಮೆಟ್ಟಿಲು ಆಚೆ ಜಾಗ ತೋರಿಸಿದ್ದೂ ಅವರೇ.

ಟ್ರೈಪಾಡಿನ ಒಂದು ಕಾಲು ನೀರಿನಲ್ಲಿ ಇಡಬೇಕಾಯಿತು. ಸಾಮಾನ್ಯವಾಗಿ ದಪ್ಪನೆಯ ಮೇಲಿನ ಭಾಗ ಮೊದಲು ಎಳೆದು, ತೆಳ್ಳಗಿನ ಕೆಳಭಾಗವನ್ನು ಕೊನೆಗೆ ಉಳಿಸುತ್ತೇವೆ. ನೀರಿನಲ್ಲಿ ಇದು ತಿರುಗಾಮುರುಗಾ. ಕೆಳಗಿನ ತೆಳು ಭಾಗವನ್ನೇ ಪೂರ್ತಿ ಎಳೆದರೆ ಅದರ ಲಾಕು ನೀರಿನ ಮೇಲೆ ಉಳಿಯುತ್ತದೆ, ಮರಳು ಲಾಕಿನೊಳಗೆ ಹೋಗುವುದಿಲ್ಲ. ಆ ರಾತ್ರಿ ರೂಮಿನ ಬಕೆಟ್ಟಿನಲ್ಲಿ ಕಾಲುಗಳನ್ನು ತೊಳೆದು, ಪೂರ್ತಿ ಎಳೆದು ಫ್ಯಾನಿನ ಕೆಳಗೆ ಒಣಗಲು ಬಿಟ್ಟೆ. ಒದ್ದೆ ಕಾಲನ್ನು ಮಡಿಸಿಟ್ಟರೆ ಬೆಳಿಗ್ಗೆ ಕರಕರ ಅನ್ನುತ್ತದೆ. ಹಂಪಿಯ ದೂಳು ಎಷ್ಟಿತ್ತೆಂದರೆ ಬಕೆಟ್ಟಿನ ನೀರು ಚಹಾ ಬಣ್ಣಕ್ಕೆ ತಿರುಗಿತು.

ಐದನೇ ದಿನ: ಗುಹೆ, ಮಂಗ, ರೊಟ್ಟಿ

ಬಾದಾಮಿಯ ಮಂಗಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಟಿಕೆಟ್ ಕೌಂಟರ್ ಬಳಿ ಕಡಲೆಕಾಯಿ ಮಾರುವಾಕೆ ನಮಗೂ ಹೇಳಿದರು. "ಮಂಗ್ಯಾ ಭಾಳ ಅದಾವ್ರಿ, ಚೀಲದ ಬಾಯಿ ತೆರೀಬ್ಯಾಡ್ರಿ." ಹೇಳಿ, ಕಡಲೆಕಾಯಿ ಪೊಟ್ಟಣವನ್ನೂ ಚಾಚಿದರು. ನಾವು ತಗೊಳ್ಳಲಿಲ್ಲ. ಆ ಪೊಟ್ಟಣ ಬ್ಯಾಗಿನಲ್ಲಿದ್ದರೆ ಮಂಗಗಳಿಗೆ ಕರೆಯೋಲೆ ಕೊಟ್ಟ ಹಾಗೆಯೇ.

ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಳೇಶ ಹಾಕಿಸಿದ ಶಾಸನ ಅಲ್ಲಿದೆ, ಕ್ರಿ.ಶ. 578ರದ್ದು. ಒಳಗೆ ಬೆಳಕು ಕಡಿಮೆ, ಟ್ರೈಪಾಡ್ ಇಲ್ಲ. ಕಂಬಕ್ಕೆ ಹೆಗಲು ಒರಗಿಸಿ, ಮೊಣಕೈ ಹೊಟ್ಟೆಗೆ ಒತ್ತಿ, ಉಸಿರು ಬಿಗಿಹಿಡಿದು ತೆಗೆದೆವು. ಕೆತ್ತನೆಗೆ ಮಾತ್ರ ಒರಗಬೇಡಿ, ಕಂಬದ ಬರೀ ಭಾಗ ಬೇಕಾದಷ್ಟಿದೆ. ಆದಿಶೇಷನ ಸುರುಳಿಯ ಮೇಲೆ ಕೂತ ವಿಷ್ಣುವಿನ ಮುಖದ ಅರ್ಧಕ್ಕೆ ಮಾತ್ರ ಬೆಳಕು ಬೀಳುತ್ತಿತ್ತು. ಅದೊಂದಕ್ಕೇ ಅರ್ಧ ಗಂಟೆ ಕೊಟ್ಟೆ.

ಲೆನ್ಸ್ ಬದಲಿಸಲು ಗೆಳೆಯ ಗುಹೆಯ ಹೊರಗಿನ ಕಟ್ಟೆಯ ಮೇಲೆ ಬ್ಯಾಗು ತೆರೆದ. ಎಲ್ಲಿಂದ ಬಂತೋ ಗೊತ್ತಿಲ್ಲ, ಒಂದು ಮಂಗ ಬ್ಯಾಗಿಗೆ ಕೈ ಹಾಕಿ ದೂಳು ಊದುವ ರಬ್ಬರ್ ಬುರುಡೆಯನ್ನು ಎತ್ತಿಕೊಂಡು ಹೋಯಿತು. ಎತ್ತರದ ಚಾಚುಗಲ್ಲಿನ ಮೇಲೆ ಕೂತು ಮೂಸಿತು. ಕಚ್ಚಿತು. ಆಮೇಲೆ ಗಟ್ಟಿಯಾಗಿ ಹಿಚುಕಿತು. ಬುರುಡೆ ಅದರ ಮೂಗಿಗೇ ಪುಸ್ಸೆಂದು ಗಾಳಿ ಊದಿತು. ಮಂಗ ಎಗರಿ ಹಿಂದಕ್ಕೆ ಬಿತ್ತು, ಬುರುಡೆ ಉರುಳಿಕೊಂಡು ನಮ್ಮ ಕಾಲ ಬಳಿಗೆ ಬಂತು. ಶಾಲಾ ಮಕ್ಕಳ ದೊಡ್ಡ ಗುಂಪು ಚಪ್ಪಾಳೆ ತಟ್ಟಿತು.

ಅದು ರಬ್ಬರ್ ಬುರುಡೆಯಾಗಿದ್ದು ನಮ್ಮ ಅದೃಷ್ಟ. ಪಕ್ಕದಲ್ಲೇ ಐವತ್ತು ಎಂಎಂ ಲೆನ್ಸ್ ಇತ್ತು, ಅದರ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಮಂಗಗಳಿರುವ ಕಡೆ ಯಾವ ಲೆನ್ಸ್ ಬೇಕು ಅಂತ ಕೆಳಗೇ ನಿರ್ಧರಿಸಿ ಹಾಕಿಕೊಂಡು ಹತ್ತುವುದು ಮೇಲು. ಬದಲಿಸಲೇಬೇಕಾದರೆ ಒಬ್ಬರು ಬದಲಿಸಬೇಕು, ಇನ್ನೊಬ್ಬರು ಬ್ಯಾಗಿಗೆ ಅಡ್ಡ ನಿಲ್ಲಬೇಕು. ಒಬ್ಬರೇ ಹೋದವರು ಗೋಡೆಗೆ ಮುಖ ಮಾಡಿ, ಬ್ಯಾಗನ್ನು ಎದೆಗೆ ತಿರುಗಿಸಿಕೊಂಡು ಮಾಡಬಹುದು.

ಮಧ್ಯಾಹ್ನ ಬನಶಂಕರಿ. ಗುಡಿ ಹೊರಗೆ ಬುಟ್ಟಿ ಹೊತ್ತ ಹೆಂಗಸರು ಕೂಗಿ ಕರೆಯುತ್ತಾರೆ. ಒಬ್ಬರ ಮುಂದೆ ಮರದ ನೆರಳಿನಲ್ಲಿ ಕೂತೆವು. ಖಡಕ್ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ರೊಟ್ಟಿ ಮುರಿದ ಸದ್ದು ನಾಲ್ಕು ಜನರಾಚೆಗೂ ಕೇಳುತ್ತದೆ. ಖಾರ ಜಾಸ್ತಿ ಆಗಿ ಗೆಳೆಯನ ಕಣ್ಣಲ್ಲಿ ನೀರು. ಆಕೆ ಕೇಳದೆಯೇ ಇನ್ನೊಂದು ಸೌಟು ಮೊಸರು ಹಾಕಿದರು. "ಫೋಟೋ ತಗೀತೀರಂತ, ನನ್ನ ರೊಟ್ಟೀದು ತಗೀರಿ, ನಂದು ಬ್ಯಾಡ" ಅಂದರು. ಹಾಗೇ ಮಾಡಿದೆವು. ಈ ಪ್ರವಾಸದ ನನ್ನ ಅತಿ ಒಳ್ಳೆಯ ಫೋಟೋ ಆ ರೊಟ್ಟಿಯದೇ ಇರಬೇಕು.

ಕೊನೆ ದಿನ: ಪಟ್ಟದಕಲ್ಲು

ಆಟೊ ಮಾಡಿಕೊಂಡು ಪಟ್ಟದಕಲ್ಲಿಗೆ ಹೋದೆವು. ಆಟೊದಲ್ಲಿ ಟ್ರೈಪಾಡನ್ನು ಅಡ್ಡ ಹಿಡಿದರೆ ಅದರ ತುದಿ ಹೊರಗೆ ಚಾಚುತ್ತದೆ. ಎದುರಿಂದ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಡ್ರೈವರ್ ಕನ್ನಡಿಯಲ್ಲಿ ನೋಡಿ ಗಾಡಿ ನಿಲ್ಲಿಸಿದರು, ಟ್ರೈಪಾಡನ್ನು ನಮ್ಮ ಕಾಲ ಕೆಳಗೆ ಮಲಗಿಸಿ ಮತ್ತೆ ಹೊರಟರು. ಮಾತಿಲ್ಲ ಕತೆಯಿಲ್ಲ.

ಪಟ್ಟದಕಲ್ಲಿನಲ್ಲಿ ನೆಲವೆಲ್ಲ ಹುಲ್ಲುಹಾಸು. ಬಂಡೆಯಿಲ್ಲ, ಏರಿಲ್ಲ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಹಾಗಾಗಿ ಅಚ್ಚುಕಟ್ಟು ಜಾಸ್ತಿ. ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಜಾಲಂಧ್ರಗಳಿಂದ ಬೆಳಕು ಕಂಬಗಳ ಮೇಲೆ ಬೀಳುವುದನ್ನು ನೋಡುತ್ತ ಕೂತೆವು. ಗೆಳೆಯನ ಹೆಗಲ ಪದ್ಧತಿಗೆ ಹೇಳಿ ಮಾಡಿಸಿದ ನೆಲ ಇಡೀ ಪ್ರವಾಸದಲ್ಲಿ ಇದೊಂದೇ, ಆದರೆ ಇಲ್ಲೂ ಟ್ರೈಪಾಡಿಗೆ ಅನುಮತಿ ಬೇಕು. ಅದು ಆಟೊದಲ್ಲೇ ಮಲಗಿತ್ತು. ಅವನಿಗೆ ಬೇಸರವಾದದ್ದು ಮುಖದಲ್ಲೇ ಕಾಣುತ್ತಿತ್ತು.

ರಾತ್ರಿ ಬಾದಾಮಿ ಸ್ಟೇಷನ್ನಿನಲ್ಲಿ ರೈಲು ತಡವಾಯಿತು. ಬೆಂಚಿನ ಮೇಲೆ ಕೂತು ಎಲ್ಲ ಸ್ಕ್ರೂಗಳನ್ನೂ ಒಂದು ಸುತ್ತು ನೋಡಿದೆವು. ಅವನ ಪ್ಲೇಟ್ ಮತ್ತೆ ಸ್ವಲ್ಪ ಸಡಿಲವಾಗಿತ್ತು, ನನ್ನ ಟ್ರೈಪಾಡಿನ ಒಂದು ಕಾಲಿನ ಮೇಲಿನ ಬೋಲ್ಟ್ ಕೂಡ. ರೈಲಿನಲ್ಲಿ ಬ್ಯಾಗು ತಲೆದಿಂಬಿನ ಕಡೆಗೆ, ಅದರ ಪಟ್ಟಿ ತೋಳಿಗೆ. ಟ್ರೈಪಾಡ್ ಕೆಳಗಿನ ಬರ್ತಿನಡಿ, ಗೋಡೆಗೆ ತಾಗಿಸಿ.

"ಮುಂದಿನ ಸಲ ಐಹೊಳೆಗೆ ಹೋಗೋಣ. ಅನುಮತಿ ಪತ್ರಕ್ಕೆ ಈಗಲೇ ಅರ್ಜಿ ಬರೀತೀನಿ" ಅಂದ ಅವನು.

"ಮೊದಲು ಹೊಸ ಹುಡ್ ತಗೋ" ಅಂದೆ.